ಗಾಜಕ್ಕನ ನಾಲ್ಕು ಫೇಲುಗಳು

ಮಧ್ಯಾಹ್ನದ ಟೀ ನೆಪದಲ್ಲಿ ಆಫೀಸಿನಿಂದ ಹೊರಬಿದ್ದ ಭಾವ ಫ್ರೇಮಿನ ಅಂಗಡಿಗೆ ಬಂದರು. ಗಹನವಾದ ವಿಷಯ ಮಾತಾಡಲು ಬಂದವರು ಹೇಗೆ ನಿಲ್ಲಬೇಕೆಂಬ ಬಗ್ಗೆ ಅವರಿಗೆ ತಮ್ಮದೇ ಒಂದು ಕಲ್ಪನೆ ಇತ್ತು. ಅದರಂತೆ ಕೈಕಟ್ಟಿ, ಕಾಲಿಗೆ ಕಾಲು ಅಡ್ಡ ಹಾಕಿ, ಹಿಂದಕ್ಕೆ ಒರಗಿದರು. ಒರಗಿದ್ದು ಗೋಡೆಗಲ್ಲ, ಆಗಷ್ಟೇ ಬಂಗಾರದ ಬಣ್ಣ ಬಳಿದು ಒಣಗಲು ನಿಲ್ಲಿಸಿದ್ದ ಆಳೆತ್ತರದ ಚೌಕಟ್ಟಿಗೆ.

"ಭಾವ..." ಎಂದಳು ಗಾಜು ಕೊಯ್ಯುತ್ತಿದ್ದ ನಾದಿನಿ.

"ಇರು, ಮೊದಲು ನಾನು ಹೇಳಿ ಮುಗಿಸ್ತೀನಿ."

ಅವರು ಹೇಳಿ ಮುಗಿಸುವ ಹೊತ್ತಿಗೆ ಬಣ್ಣ ಒಣಗಿತ್ತು. ಅರ್ಧ ಫ್ರೇಮಿನ ಮೇಲೆ, ಅರ್ಧ ಅವರ ಅಂಗಿಯ ಮೇಲೆ. ಸಂಜೆಯವರೆಗೂ ಭಾವ ಆಫೀಸಿನಲ್ಲಿ ಬೆನ್ನಿಗೆ ಬಂಗಾರದ ಪಟ್ಟಿ ಹೊತ್ತು ಓಡಾಡಿದರು. ಮ್ಯಾನೇಜರು "ಏನ್ರೀ, ಇವತ್ತು ಹೊಳೀತಾ ಇದೀರಲ್ಲ" ಎಂದಾಗ, ಇಷ್ಟು ವರ್ಷಕ್ಕಾದರೂ ನನ್ನ ಕೆಲಸ ಕಣ್ಣಿಗೆ ಬಿತ್ತಲ್ಲ ಎಂದುಕೊಂಡು ತಲೆಬಾಗಿ ಥ್ಯಾಂಕ್ಸ್ ಹೇಳಿದರು. ಮನೆಯಲ್ಲಿ ಹೆಂಡತಿ ಅವರನ್ನು ಭುಜ ಹಿಡಿದು ತಿರುಗಿಸಿ ನೋಡಿ, "ಅಲ್ರೀ, ಬೆನ್ನ ಮೇಲೆ ಬಾಗಿಲು ಬರೆಸ್ಕೊಂಡು ಬಂದಿದೀರಲ್ಲ!" ಎಂದ ಮೇಲೆಯೇ ಮ್ಯಾನೇಜರ ಮಾತಿನ ಅರ್ಥವಾದದ್ದು. ಆ ರಾತ್ರಿ ಅವರಿಗೆ ಊಟ ರುಚಿಸಲಿಲ್ಲ. ಅಂಗಿ ಹೋಯಿತೆಂದಲ್ಲ, ಥ್ಯಾಂಕ್ಸ್ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ದಾರಿ ಇರಲಿಲ್ಲವಲ್ಲ ಎಂದು.

ಅಷ್ಟು ತನ್ಮಯರಾಗಿ ಅವರು ಹೇಳಿದ ವಿಷಯ ಇಷ್ಟೇ: ನಾದಿನಿಯನ್ನು ಎರಡನೆಯ ಕಾಲೇಜೂ ಬೇಡವೆಂದಿದೆ.

ಬೀದಿಗೆಲ್ಲ ಅವಳು ಗಾಜಕ್ಕ. ಅಂಗಡಿ ಅವಳ ಅಣ್ಣನದು, ಆದರೆ ಬಾಗಿಲಿಗೆ ಬಂದ ಗಿರಾಕಿ ಕೇಳುವುದು "ಗಾಜಕ್ಕ ಇಲ್ವಾ?" ಅಂತಲೇ. ಅಣ್ಣ ಮರ ಕೊಯ್ದು, ಮೂಲೆ ಜೋಡಿಸಿ, ಮೊಳೆ ಹೊಡೆಯುತ್ತಾನೆ. ಗಾಜು, ಮೌಂಟು ಮತ್ತು ಗಿರಾಕಿ ಇವಳ ಪಾಲು. ಮೌಂಟು ಎಂದರೆ ಚಿತ್ರಕ್ಕೂ ಮರಕ್ಕೂ ನಡುವೆ ಬರುವ ದಪ್ಪ ಕಾಗದದ ಅಂಚು. ಅದರಲ್ಲಿ ಕಿಟಕಿಯ ಹಾಗೆ ಕತ್ತರಿಸಿರುತ್ತಾರೆ. ಕಿಟಕಿಯಲ್ಲಿ ಎಷ್ಟು ಕಾಣಬೇಕೋ ಅಷ್ಟು ಕಾಣುತ್ತದೆ, ಮಿಕ್ಕದ್ದು ಕಾಗದದ ಅಡಿಗೆ ಹೋಗುತ್ತದೆ.

ಗಿರಾಕಿ ಇವಳ ಪಾಲು ಎಂದ ಮಾತ್ರಕ್ಕೆ ಅವಳು ಮಾತಿನಮಲ್ಲಿಯೇನಲ್ಲ. ಒಮ್ಮೆ ಒಬ್ಬಾಕೆ ಗಂಡನ ಫೋಟೋಗೆ ಎಂಟು ಹತ್ತು ಫ್ರೇಮು ಹಿಡಿದು ನೋಡಿ, ಕೊನೆಗೆ "ಇದರಲ್ಲಿ ನಮ್ಮನೆಯವರು ಹೇಗೆ ಕಾಣ್ತಾರೆ?" ಎಂದು ಕೇಳಿದಳು. ಗಾಜಕ್ಕ ಒಂದು ಕ್ಷಣ ದಿಟ್ಟಿಸಿ ನೋಡಿ, "ನೆಟ್ಟಗೆ ಕಾಣ್ತಾರೆ" ಎಂದಳು. ಆಕೆ ಸಂತೋಷದಿಂದ ಅದನ್ನೇ ಒಯ್ದಳು. ಮದುವೆಯ ಮಾತು ಗಾಜಕ್ಕನನ್ನು ಹುಡುಕಿಕೊಂಡು ಎರಡು ಸಲ ಬಂದು, ಟೀ ಕುಡಿದು, ಎದ್ದುಹೋಗಿತ್ತು. ಎರಡು ಸಲವೂ ಅವಳಿಗೆ ನೆನಪಿದ್ದದ್ದು ಕಪ್ಪು ತೊಳೆದದ್ದಷ್ಟೆ ಎಂದು ಅವಳೇ ಹೇಳುತ್ತಿದ್ದಳು.

ಊರಿನ ಪದವೀಧರರೆಲ್ಲ ಒಂದಲ್ಲ ಒಂದು ದಿನ ಅವಳ ಮೇಜಿನ ಮೇಲೆ ಅಂಗಾತ ಮಲಗಿ, ಗಾಜು ಹೊದ್ದು ಎದ್ದುಹೋದವರೇ. ಅವಳದೇ ಪದವಿ ಮಾತ್ರ ಎರಡು ವರ್ಷಕ್ಕೆ ನಿಂತಿತ್ತು. ನಾಲ್ಕನೆಯ ಸೆಮಿಸ್ಟರಿನಲ್ಲಿ ನಾಲ್ಕು ವಿಷಯ ಫೇಲು. ರಜೆಯಲ್ಲಿ ಅಣ್ಣನಿಗೆ ಕೈಜೋಡಿಸಲೆಂದು ಅಂಗಡಿಗೆ ಬಂದವಳು ರಜೆ ಮುಗಿದರೂ ವಾಪಸು ಹೋಗಲಿಲ್ಲ. ಬಾ ಎಂದು ಕಾಲೇಜು ಕರೆಯಲಿಲ್ಲ, ಹೋಗು ಎಂದು ಅಣ್ಣ ಹೇಳಲಿಲ್ಲ. ನೋಡನೋಡುತ್ತ ಹದಿನೆಂಟು ವರ್ಷ ಕಳೆದವು.

ಈಗ ಆ ಹಳೆಯ ಗಂಟು ಬಿಚ್ಚಿದ್ದಕ್ಕೆ ಕಾರಣ ಊರಿನ ವಸ್ತುಸಂಗ್ರಹಾಲಯ. ಅಲ್ಲಿನ ಹಳೆಯ ನಕ್ಷೆಗಳಿಗೂ ಚಿತ್ರಗಳಿಗೂ ಮೌಂಟು ಹಾಕಿಕೊಡುತ್ತಿದ್ದವಳು ಗಾಜಕ್ಕನೇ. ಆ ಕೆಲಸಕ್ಕೆ ಅಲ್ಲಿ ಖಾಯಂ ಹುದ್ದೆಯೊಂದು ಹುಟ್ಟಿತು. ಅವಳಿಗೇ ಕೊಡುವ ಮನಸ್ಸು ಅವರಿಗೂ ಇತ್ತು. ಆದರೆ ಪದವಿ ಬೇಕು, ಇಲ್ಲವೇ ಪದವಿ ಓದುತ್ತಿದ್ದೇನೆಂದು ತೋರಿಸಲು ಯಾವುದಾದರೂ ಕಾಲೇಜಿನ ಸೀಟು ಬೇಕು. ಈ ವರ್ಷವೇ ಬೇಕು, ಇಲ್ಲದಿದ್ದರೆ ಹುದ್ದೆ ಬೇರೆಯವರಿಗೆ. ಅಂಗಡಿಗೂ ಈಗ ಮೊದಲಿನಷ್ಟು ಜನ ಬರುತ್ತಿರಲಿಲ್ಲ. ಎಲ್ಲರ ಫೋಟೋಗಳೂ ಫೋನಿನೊಳಗೇ ಇದ್ದು, ಫೋನಿನೊಳಗೇ ಸಾಯುತ್ತಿದ್ದವು. ಅರ್ಧಕ್ಕೆ ಬಿಟ್ಟವರನ್ನು ಮೂರನೆಯ ವರ್ಷಕ್ಕೆ ಸೇರಿಸಿಕೊಳ್ಳುವ ಮೂರು ಕಾಲೇಜು ಸುತ್ತಮುತ್ತ ಇದ್ದವು. ಎರಡು ಕಾಲೇಜಿನವರು ಅಂಕಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಕೊನೆಯ ನಾಲ್ಕು ಸಾಲಿಗೆ ಬಂದೊಡನೆ ಮಡಿಚಿ ವಾಪಸು ಕೊಟ್ಟಿದ್ದರು. ಉಳಿದದ್ದು ಒಂದು.

"ಈ ಮೂರನೇದನ್ನ ನನಗೆ ಬಿಡು," ಎಂದರು ಭಾವ, ಭಾನುವಾರ ತಮ್ಮ ಮನೆಯಲ್ಲಿ ಅವಳನ್ನು ಕೂರಿಸಿಕೊಂಡು.

ಭಾವ ವಿಮಾ ಕಂಪನಿಯಲ್ಲಿ ಕ್ಲೇಮು ಪರಿಶೀಲಿಸುವ ಗುಮಾಸ್ತರು. ಸುಟ್ಟ ಗೋದಾಮು, ಮುಗುಚಿದ ಲಾರಿ, ಕಳವಾದ ಸ್ಕೂಟರು, ಇವುಗಳಲ್ಲೇ ಅವರ ಆಯುಸ್ಸು ಸವೆದಿತ್ತು. ಎಲ್ಲ ನಷ್ಟಕ್ಕೂ ಒಂದು ಕಾರಣ ಇರಬೇಕು, ಕಾರಣವಿಲ್ಲದ ನಷ್ಟಕ್ಕೆ ಪರಿಹಾರವಿಲ್ಲ ಎಂಬುದು ಅವರ ಬದುಕಿನ ತಿರುಳು. ಹೆಂಡತಿಯ ಕೈಜಾರಿ ಹೂಜಿ ಒಡೆದರೂ ಅವರು ಮೊದಲು ಕೇಳುತ್ತಿದ್ದದ್ದು "ಹೇಗಾಯ್ತು, ಆಗ ನೀನು ಎಲ್ಲಿ ನಿಂತಿದ್ದೆ?" ಎಂದು.

"ನೋಡಮ್ಮ, ಫೇಲಾದದ್ದು ತಪ್ಪಲ್ಲ. ಕಾರಣ ಇಲ್ಲದೆ ಫೇಲಾದದ್ದು ತಪ್ಪು. ಆ ವರ್ಷ ನಿಮ್ಮಪ್ಪನಿಗೆ ಹುಷಾರಿರಲಿಲ್ಲ, ಅಲ್ವಾ?"

"ಗಟ್ಟಿಮುಟ್ಟಾಗಿದ್ರು. ಆ ವರ್ಷವೇ ಸೈಕಲ್ ಕಲಿತದ್ದು."

"ಸೈಕಲ್ಲಿಂದ ಬಿದ್ದಿರಬೇಕು."

"ಇಲ್ಲ ಭಾವ. ಚೆನ್ನಾಗಿ ಓಡಿಸ್ತಿದ್ರು."

"ಹೋಗಲಿ, ನಿನಗೇ ಏನಾದ್ರೂ... ಟೈಫಾಯ್ಡು?"

"ನೆಗಡಿ ಆಗಿತ್ತು."

ಭಾವ ಹೆಂಡತಿ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು. "ತಪ್ಪು ತಿಳೀಬೇಡ. ಆ ವಯಸ್ಸಲ್ಲಿ ಯಾರ ಮೇಲಾದ್ರೂ ಮನಸ್ಸು..."

"ಇದ್ದಿದ್ರೆ ಫೇಲಾದದ್ದಕ್ಕೂ ಒಂದು ಬೆಲೆ ಇರ್ತಿತ್ತು," ಎಂದಳು ಗಾಜಕ್ಕ.

"ರೀ, ಅವಳನ್ನ ಯಾಕೆ ಆ ಪಾಟಿ ಜಾಲಾಡಿಸ್ತೀರಿ? ಅವಳೇನು ಮುಗುಚಿದ ಲಾರೀನಾ?" ಎಂದು ಒಳಗಿನಿಂದ ಬಂತು.

ಭಾವನ ತೊಂದರೆ ಎಂದರೆ ಅವರ ಪ್ರಶ್ನೆಯೊಳಗೇ ಉತ್ತರ ಇರುತ್ತಿತ್ತು. ಎದುರಿನವರಿಗೆ ಉಳಿಯುತ್ತಿದ್ದದ್ದು ಹೌದು ಅಥವಾ ಇಲ್ಲ ಎನ್ನುವುದಷ್ಟೆ. ಗಾಜಕ್ಕ ಇಲ್ಲ, ಇಲ್ಲ ಎನ್ನುತ್ತಾ ಹೋದಳು. ಎಷ್ಟು ಇಲ್ಲಗಳಾದವೋ ಭಾವನ ಅನುಮಾನ ಅಷ್ಟೇ ಬಲಿಯಿತು. ಅದರಲ್ಲೂ ಫೇಲಾದ ನಾಲ್ಕರಲ್ಲೊಂದಾದ ಪರಿಸರ ವಿಜ್ಞಾನ. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ತರ್ಕಶಾಸ್ತ್ರಗಳಲ್ಲಿ ಫೇಲಾಗುವುದು ಅವರಿಗೆ ಅರ್ಥವಾಗುತ್ತಿತ್ತು, ತಾವೇ ಆಗಿದ್ದರು. ಆದರೆ ಮರ ನೆಡಬೇಕು, ನೀರು ಉಳಿಸಬೇಕು ಎಂದು ಬರೆದರೆ ಕಣ್ಣುಮುಚ್ಚಿ ಪಾಸು ಮಾಡುವ ಪರಿಸರ ವಿಜ್ಞಾನದಲ್ಲಿ ಫೇಲಾದವರನ್ನು ಅವರು ಈ ಜನ್ಮದಲ್ಲಿ ಕಂಡಿರಲಿಲ್ಲ. ಅದೂ ಹನ್ನೊಂದು ಅಂಕ. ಇದರ ಹಿಂದೆ ದೊಡ್ಡದೊಂದು ದುಃಖ ಇರಲೇಬೇಕು, ಪಾಪ, ಹುಡುಗಿ ನುಂಗಿಕೊಂಡಿದ್ದಾಳೆ ಎಂದು ತೀರ್ಮಾನಿಸಿ ಕಣ್ಣು ತೇವ ಮಾಡಿಕೊಂಡರು. ಅರ್ಜಿಯ ಜೊತೆ ಇಡಲೆಂದು ಮೂರು ಪುಟದ ವಿವರಣೆಯನ್ನೂ ಬರೆದರು. ಅದರಲ್ಲಿ 'ಹೆಸರಿಸಲಾಗದ ಆಘಾತ' ಎಂಬ ಮಾತು ಎರಡು ಕಡೆ, 'ಕತ್ತಲು ಕವಿದ ಆ ದಿನಗಳು' ಎಂಬುದು ಪುಟಕ್ಕೊಂದರಂತೆ ಬಂದಿದ್ದವು.

ಗಾಜಕ್ಕ ಅಂಗಡಿಯ ಸ್ಟೂಲಿನ ಮೇಲೆ ಕೂತು ಮೂರೂ ಪುಟ ಓದಿದಳು.

"ಇದು ಯಾರ ಕಥೆ ಭಾವ?"

"ನಿಂದೇ ಕಣಮ್ಮ."

"ಓದಿ ಪಾಪ ಅನ್ನಿಸ್ತು."

ಅರ್ಜಿಯಲ್ಲಿ ಅವಳು ಓದು ಮುಂದುವರಿಸಬೇಕೆಂದಿದ್ದೇನೆ ಎಂದು ಒಂದೇ ಸಾಲು ಬರೆದು ಕಳಿಸಿದಳು. ಭಾವನ ಮೂರು ಪುಟ ಎರಡು ಗಾಜುಗಳು ಒಂದಕ್ಕೊಂದು ತಾಗದ ಹಾಗೆ ನಡುವೆ ಇಡಲು ಬಳಕೆಯಾಯಿತು. ಮುಂದಿನ ವಾರ ಅದನ್ನು ಕಂಡ ಭಾವ, "ಪರವಾಗಿಲ್ಲ, ಜೋಪಾನವಾಗಿ ಇಟ್ಟಿದ್ದಾಳೆ" ಎಂದುಕೊಂಡರು.

ಮೂರನೆಯ ಕಾಲೇಜಿನಿಂದ ಕರೆ ಬಂತು. ಅಸಲು ಅಂಕಪಟ್ಟಿ ತನ್ನಿ, ನೋಡಿದ ಮೇಲೆ ತೀರ್ಮಾನ ಎಂದಿದ್ದರು. ಸಂದರ್ಶನದ ಹಿಂದಿನ ಸಂಜೆ ಭಾವ ಧೈರ್ಯ ತುಂಬಲು ಅಂಗಡಿಗೆ ಬಂದರು. ಗಾಜಕ್ಕ ವಸ್ತುಸಂಗ್ರಹಾಲಯಕ್ಕೆ ನಕ್ಷೆ ತಲುಪಿಸಲು ಹೋಗಿದ್ದಳು. ಅಣ್ಣ ಒಬ್ಬನೇ ಇದ್ದ. ಮುಖದಲ್ಲಿ ಎಂದೂ ಇಲ್ಲದ ಕಳೆ.

"ಭಾವ, ಬನ್ನಿ, ಒಂದು ಕೆಲಸ ಮಾಡಿದೀನಿ. ನೋಡಿ."

ಮೇಜಿನ ಮೇಲೆ ತೇಗದ ಚೌಕಟ್ಟು. ಒಳಗೆ ಕೆನೆಬಣ್ಣದ ಮೌಂಟು. ಮೌಂಟಿನ ಕಿಟಕಿಯಲ್ಲಿ ಗಾಜಕ್ಕನ ಅಸಲು ಅಂಕಪಟ್ಟಿ, ಒಂದು ಸುಕ್ಕಿಲ್ಲದೆ, ರಾಜಠೀವಿಯಿಂದ ಕೂತಿತ್ತು.

"ಹರಕಲು ಫೈಲಲ್ಲಿ ತಗೊಂಡು ಹೋದ್ರೆ ಯಾರು ಸೀಟು ಕೊಡ್ತಾರೆ? ಎರಡು ಕಡೆ ಅದಕ್ಕೇ ಆಗಲಿಲ್ಲ. ಕಾಗದ ಅಲ್ಲಾಡಬಾರದು ಅಂತ ಹಿಂದೆ ಪೂರ್ತಿ ಅಂಟು ಹಚ್ಚಿ ಬೋರ್ಡಿಗೆ ಕೂರಿಸಿದೀನಿ. ಇನ್ನು ನೂರು ವರ್ಷ ಬಿಡಲ್ಲ."

ಭಾವ ಬಗ್ಗಿ ನೋಡಿದರು. ಮೊದಲ ಸೆಮಿಸ್ಟರು, ಎರಡನೆಯದು, ಮೂರನೆಯದು, ಎಲ್ಲವೂ ಅಚ್ಚುಕಟ್ಟು. ನಾಲ್ಕನೆಯದರಲ್ಲಿ ಪಾಸಾದ ಎರಡು ಸಾಲು. ಅಲ್ಲಿಗೆ ಕಿಟಕಿ ಮುಗಿದಿತ್ತು.

"ಆ ನಾಲ್ಕು?"

"ಮೌಂಟ್ ಕೆಳಗೆ," ಎಂದ ಅಣ್ಣ, ತೀರಾ ಸಹಜವಾಗಿ. "ನಮ್ಮ ಕಸುಬಲ್ಲಿ ಇದೇನು ಹೊಸದಾ? ಮೊನ್ನೆ ಒಬ್ಬರು ಕುಟುಂಬದ ಫೋಟೋ ತಂದ್ರು. ಅಂಚಲ್ಲಿ ನಿಂತಿರೋ ಅಳಿಯ ಬೇಡ ಅಂದ್ರು. ಒಂದು ಬೆರಳಗಲ ಮೌಂಟು ಜಾಸ್ತಿ ಬಿಟ್ಟೆ, ಅಳಿಯ ಹೋದ. ಕತ್ತರಿಸಲಿಲ್ಲ, ಹರೀಲಿಲ್ಲ. ಅಲ್ಲೇ ಇದಾನೆ, ಕಾಣಲ್ಲ ಅಷ್ಟೆ."

ವಿಮಾ ಕಂಪನಿಯಲ್ಲಿ ಇದಕ್ಕೆ ಏನೆನ್ನುತ್ತಾರೆಂದು ಭಾವನಿಗೆ ಚೆನ್ನಾಗಿ ಗೊತ್ತಿತ್ತು. ಇಂಥ ಕ್ಲೇಮುಗಳ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದವರೂ ಅವರೇ. ಆದರೂ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಆ ನಾಲ್ಕು ಸಾಲು ಇಲ್ಲದ ನಾದಿನಿ ಬೇರೆಯೇ ಒಬ್ಬಳಾಗಿದ್ದಳು. ಅವರು ತಮ್ಮದೂ ಒಂದು ಅಂಕಪಟ್ಟಿ ಇರುವುದನ್ನು ನೆನೆದು, ಅದಕ್ಕೆ ಎಷ್ಟಗಲದ ಮೌಂಟು ಬೇಕಾದೀತೆಂದು ಕೂಡ ಒಂದು ಗಳಿಗೆ ಯೋಚಿಸಿದರು.

ಗಾಜಕ್ಕ ಬಂದು ಚಪ್ಪಲಿ ಬಿಟ್ಟು, ಮೇಜಿನ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು. ಅಣ್ಣ ಮಗ್ಗುಲಿಗೆ ಸರಿದು, ಬಹುಮಾನಕ್ಕೆ ಕಾದವನ ಹಾಗೆ ನಿಂತ.

"ಅಂಟು ಯಾವುದು ಹಾಕ್ದೆ?"

"ಬಿಳೀದು. ಒಳ್ಳೇದು."

"ಹಾಗಾದ್ರೆ ಬರಲ್ಲ."

"ಬರಲ್ಲ," ಎಂದ ಅಣ್ಣ ಹೆಮ್ಮೆಯಿಂದ. ಆಮೇಲೆ ಅವಳ ಮುಖ ನೋಡಿ, "ಯಾಕೆ, ಬರಬೇಕಿತ್ತಾ?" ಎಂದ.

"ನೋಡಮ್ಮ," ಎಂದು ಭಾವ ನಡುವೆ ಬಾಯಿ ಹಾಕಿದರು. "ಆದದ್ದು ಆಯ್ತು. ನಾವೇನು ಅಳಿಸಿಲ್ಲ, ತಿದ್ದಿಲ್ಲ. ಅವರು ಕೇಳಿದ್ರೆ ಹೇಳೋಣ. ಕೇಳದೆ ಇದ್ರೆ..."

ಗಾಜಕ್ಕ ಚೌಕಟ್ಟನ್ನು ಬೋರಲು ಹಾಕಿ, ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತಳು. ಗಾಜು ಎತ್ತಿ ಗೋಡೆಗೆ ಒರಗಿಸಿದಳು. ಮೌಂಟನ್ನು ಹೊರತೆಗೆದು, ಪೆನ್ಸಿಲಿನಲ್ಲಿ ತೆಳ್ಳಗೆ ಒಂದು ಗೆರೆ ಎಳೆದು, ಉಕ್ಕಿನ ಪಟ್ಟಿ ಇಟ್ಟು, ಬ್ಲೇಡನ್ನು ಓರೆ ಹಿಡಿದು ಎಳೆದಳು. ಕಾಗದದ ಪಟ್ಟಿಯೊಂದು ಸದ್ದಿಲ್ಲದೆ ನೆಲಕ್ಕೆ ಬಿತ್ತು.

"ಅಯ್ಯೋ, ಅಳಿಯನ್ನ ವಾಪಸು ಕರೆದ ಹಾಗಾಯ್ತಲ್ಲೇ!" ಎಂದ ಅಣ್ಣ.

"ನಿನ್ನ ಫ್ರೇಮು ಚೆನ್ನಾಗಿದೆ ಅಣ್ಣ. ಅದರಲ್ಲೇ ಒಯ್ತೀನಿ," ಎನ್ನುತ್ತಾ ಎಲ್ಲವನ್ನೂ ಮತ್ತೆ ಜೋಡಿಸಿ ಮೊಳೆ ಹೊಡೆದಳು. ಅಣ್ಣನ ಮುಖ ಅರ್ಧ ಅರಳಿತು. ಮಿಕ್ಕರ್ಧ ಅರಳುವ ಮೊದಲು ಅವನ ಕಣ್ಣು ಚೌಕಟ್ಟಿನ ಮೇಲೆ ಬಿತ್ತು. ಈಗ ನಾಲ್ಕು ಫೇಲೂ ಕೆನೆಬಣ್ಣದ ಅಂಚಿನ ನಡುವೆ, ಸುತ್ತ ಧಾರಾಳ ಜಾಗ ಬಿಟ್ಟುಕೊಂಡು, ಯಾವುದೋ ಅರಮನೆಯ ನಕ್ಷೆಯಷ್ಟು ಗಂಭೀರವಾಗಿ ಕಾಣುತ್ತಿದ್ದವು. ಪಾಸಾದ ವಿಷಯಗಳಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಚೌಕಟ್ಟನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡವರು ಭಾವ. ಪಕ್ಕದ ಮುದುಕರು ಅದನ್ನೂ ಅವರ ಮುಖವನ್ನೂ ನೋಡಿ, "ಯಾರು, ತಂದೆಯವರಾ?" ಎಂದು ಮೆಲ್ಲಗೆ ಕೇಳಿದರು. ಮಾರ್ಕ್ಸ್ ಕಾರ್ಡು ಎನ್ನಲು ಭಾವನ ನಾಲಿಗೆ ಹೊರಳಲಿಲ್ಲ. "ಹೌದು" ಎಂದುಬಿಟ್ಟರು. ಮುದುಕರು ಇಳಿಯುವವರೆಗೂ ಅವರ ಮೊಣಕೈ ಹಿಡಿದುಕೊಂಡೇ ಕೂತಿದ್ದರು.

ಕಾಲೇಜಿನ ಕೋಣೆ ಚಿಕ್ಕದು. ಒಂದು ಉದ್ದ ಮೇಜು, ಕಬ್ಬಿಣದ ಕಪಾಟು, ಕಿಟಕಿಗೆ ಅರ್ಧ ಎಳೆದ ಪರದೆ. ಮೇಜಿನ ಆಚೆ ಪ್ರಾಂಶುಪಾಲೆ ಮತ್ತು ದಾಖಲೆ ನೋಡುವ ಅಧಿಕಾರಿ. ಅಭ್ಯರ್ಥಿ ಒಬ್ಬರೇ ಬರಬೇಕು ಎಂಬ ನಿಯಮ ಇತ್ತು. ಆದರೆ ಚೌಕಟ್ಟು ಹಿಡಿದವರನ್ನು ಹೊರಗೆ ಕಳಿಸಿದರೆ ಚೌಕಟ್ಟೂ ಹೊರಗೆ ಹೋಗುತ್ತಿತ್ತು. ಹಾಗಾಗಿ ಭಾವನಿಗೂ ಮೂಲೆಯಲ್ಲಿ ಒಂದು ಕುರ್ಚಿ ಸಿಕ್ಕಿತು, ಬಾಯಿ ಬಿಡಬಾರದೆಂಬ ಕರಾರಿನ ಮೇಲೆ.

ಮೇಜಿನ ಮೇಲೆ ಜಾಗ ಸಾಲದೆ ಚೌಕಟ್ಟನ್ನು ಕಪಾಟಿಗೆ ಒರಗಿಸಿದರು. ಪ್ರಾಂಶುಪಾಲೆ ಕನ್ನಡಕ ಹಾಕಿಕೊಂಡು, ಎದ್ದು ಬಂದು, ಸೊಂಟ ಬಗ್ಗಿಸಿ ಓದಿದರು.

"ಜನ ಡಿಗ್ರಿ ಬಂದ ಮೇಲೆ ಫ್ರೇಮ್ ಹಾಕಿಸ್ತಾರೆ. ನೀವು ಮೊದಲೇ ಹಾಕಿಸಿಬಿಟ್ರಾ?"

"ಅಣ್ಣ ಹಾಕಿದ, ಮೇಡಂ. ಅಂಟು ಹಚ್ಚಿಬಿಟ್ಟಿದಾನೆ. ಬರಲ್ಲ."

ಅಧಿಕಾರಿ ಮೊಣಕಾಲೂರಿ ಕೂತು ಗಾಜಿಗೆ ಮೂಗು ತಾಗಿಸಿದರು. ಅವರದು ಅನುಮಾನದ ಕಣ್ಣು. ಭಾವನಿಗೆ ಅದು ಕನ್ನಡಿ ನೋಡಿಕೊಂಡ ಹಾಗಾಯಿತು.

"ಇಲ್ಲಿ ಪೆನ್ಸಿಲ್ ಗೆರೆ ಇದೆ. ಈ ಭಾಗ ಹೊಸದಾಗಿ ಕತ್ತರಿಸಿದ ಹಾಗಿದೆ?"

"ಹೌದು ಸಾರ್. ಆ ನಾಲ್ಕು ಸಾಲು ಮುಚ್ಚಿತ್ತು. ನಿನ್ನೆ ಸಂಜೆ ಬಿಡಿಸಿದೆ."

ಅಧಿಕಾರಿ ಪ್ರಾಂಶುಪಾಲೆಯನ್ನು ನೋಡಿದರು. ಭಾವ ಕಣ್ಣು ಮುಚ್ಚಿಕೊಂಡರು.

"ಅದಿರಲಿ," ಎಂದು ಅಧಿಕಾರಿ ಎದ್ದು ಮೊಣಕಾಲು ಕೊಡವಿಕೊಂಡರು. "ಅಂಕಪಟ್ಟಿ ಹಿಂದುಗಡೆ ಕಾಲೇಜಿನ ಸೀಲು ಇರುತ್ತೆ. ಅದು ನೋಡದೆ ಇದು ಅಸಲು ಅಂತ ನಾನು ಬರೆಯೋಕಾಗಲ್ಲ. ಹಿಂದುಗಡೆ ಬೋರ್ಡು ಇದೆ. ಅಸಲು ಇಲ್ಲ ಅಂದ್ರೆ ಸೀಟೂ ಇಲ್ಲ. ನಾನೇನೂ ಮಾಡೋಕಾಗಲ್ಲ ಮೇಡಂ, ನಿಯಮ."

ಅಣ್ಣನ ಬಿಳಿ ಅಂಟು ನೂರು ವರ್ಷದ ಕೆಲಸವನ್ನು ಮೊದಲ ದಿನವೇ ತೋರಿಸಿತ್ತು. ಹೊಸ ಪ್ರತಿಗೆ ಬರೆದರೆ ಹಳೆಯ ಕಾಲೇಜು ತಿಂಗಳುಗಟ್ಟಲೆ ಆಟವಾಡಿಸುತ್ತದೆ. ಅಷ್ಟರಲ್ಲಿ ವಸ್ತುಸಂಗ್ರಹಾಲಯದ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಗಾಜಕ್ಕ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬೆರಳ ತುದಿಯ ಹಳೆಯ ಗಾಯಗಳನ್ನು ಭಾವ ಅಂದೇ ಮೊದಲ ಸಲ ಗಮನಿಸಿದರು.

ಪ್ರಾಂಶುಪಾಲೆ ಮತ್ತೆ ಬಗ್ಗಿ ಓದುತ್ತಿದ್ದರು. ಈ ಸಲ ಕೆಳಗಿನ ನಾಲ್ಕು ಸಾಲು.

"ಅಲ್ರೀ," ಎಂದರು ಅಧಿಕಾರಿಗೆ, ತಿರುಗದೆಯೇ, "ಸುಳ್ಳು ಅಂಕಪಟ್ಟಿ ಮಾಡೋರು ಎಷ್ಟು ಜನರನ್ನ ಹಿಡಿದಿದೀರಿ ನೀವು?"

"ಒಂದಷ್ಟು ಜನರನ್ನ ಹಿಡಿದಿದೀನಿ ಮೇಡಂ."

"ಅವರಲ್ಲಿ ಯಾರಾದ್ರೂ ತಮಗೆ ತಾವೇ ಪರಿಸರ ವಿಜ್ಞಾನದಲ್ಲಿ ಹನ್ನೊಂದು ಹಾಕ್ಕೊಂಡಿದ್ರಾ?"

ಅಧಿಕಾರಿ ಯೋಚಿಸಿದರು. ಪ್ರಾಮಾಣಿಕವಾಗಿಯೇ ಯೋಚಿಸಿದರು. "ಇಲ್ಲ ಮೇಡಂ. ಎಲ್ಲರೂ ತೊಂಬತ್ತರ ಮೇಲೇನೇ."

"ಮತ್ತೆ? ಇದಕ್ಕಿಂತ ಸೀಲು ಬೇಕಾ? ಫೋನ್ ಮಾಡಿ ಆ ಕಾಲೇಜಿಗೆ."

ಫೋನು ಮಾಡಿದರು. ಆ ಕಡೆಯ ಗುಮಾಸ್ತರು ಹಳೆಯ ರಿಜಿಸ್ಟರು ಹುಡುಕಿ, ನಾಲ್ಕು ಫೇಲನ್ನೂ ಕೋಣೆಗೆಲ್ಲ ಕೇಳುವಂತೆ ಓದಿ, "ನಾಲ್ಕೂ ನಮ್ಮಲ್ಲೇ ಆದದ್ದು ಸಾರ್, ಅನುಮಾನವೇ ಬೇಡ" ಎಂದು ಖಾತ್ರಿ ಕೊಟ್ಟರು. ಅಧಿಕಾರಿ ನಿಟ್ಟುಸಿರಿಟ್ಟು ಅಸಲು ಎಂದು ಬರೆದುಕೊಂಡರು. ನಾಲ್ಕನೆಯ ಸೆಮಿಸ್ಟರು ಮತ್ತೆ ಓದಬೇಕು, ಆಮೇಲೆ ಮೂರನೆಯ ವರ್ಷ. ಸೀಟು ಈ ವರ್ಷದ್ದೇ. ಪತ್ರ ನಾಳೆಯೇ ಸಿಗುತ್ತದೆ.

ಭಾವನಿಗೆ ಎದ್ದು ಕುಣಿಯುವ ಹಾಗಾಯಿತು. ಕರಾರು ನೆನಪಾಗಿ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತರು.

ಪ್ರಾಂಶುಪಾಲೆ ತಮ್ಮ ಜಾಗಕ್ಕೆ ಹೋಗಿ ಪೆನ್ನಿನ ಮುಚ್ಚಳ ತೆಗೆದರು.

"ಇನ್ನೊಂದು ಇದೆ. ಹಿಂದೆ ಫೇಲಾದವರನ್ನ ತಗೊಂಡ್ರೆ ಅದಕ್ಕೆ ಕಾರಣ ಏನು ಅಂತ ನಾನು ಒಂದು ಸಾಲು ಬರೀಬೇಕು. ಮಿಕ್ಕ ಮೂರು ಸೆಮಿಸ್ಟರಲ್ಲಿ ನಿಮ್ಮ ಅಂಕ ಚೆನ್ನಾಗೇ ಇದೆ. ಇದೊಂದರಲ್ಲಿ, ಈ ನಾಲ್ಕರಲ್ಲಿ ಮಾತ್ರ ಹೀಗಾಗಿದೆ. ಆಗ ಏನಾಗಿತ್ತಮ್ಮ? ಇಷ್ಟವಿದ್ರೆ ಹೇಳಿ, ಒತ್ತಾಯ ಇಲ್ಲ."

ಪ್ರಶ್ನೆ ಹೀಗೆ, ಒಳಗೆ ಉತ್ತರ ತುರುಕದೆ, ಖಾಲಿಯಾಗಿ ಬಂದದ್ದನ್ನು ಭಾವ ಗಮನಿಸಲಿಲ್ಲ. ಅವರು ಕರವಸ್ತ್ರ ಹೊರತೆಗೆದು ಸಿದ್ಧರಾಗಿದ್ದರು. ಅಂತೂ ಆ ಹೆಸರಿಸಲಾಗದ ಆಘಾತಕ್ಕೆ ಇಂದು ಹೆಸರು ಸಿಗಲಿತ್ತು.

ಗಾಜಕ್ಕ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು.

"ಆ ನಾಲ್ಕು ಕ್ಲಾಸೂ ಬೆಳಿಗ್ಗೆ ಎಂಟಕ್ಕೆ ಇದ್ವು, ಮೇಡಂ."